ಮಲದ ಡಿಎನ್‌ಎ ಪರೀಕ್ಷೆ ಪಾಸಿಟಿವ್, ರಕ್ತಾಂಶದ ಪರೀಕ್ಷೆ ನೆಗೆಟಿವ್: ಒಂದು ಪ್ರಕರಣ ಅಧ್ಯಯನ

58 ವರ್ಷದ ವ್ಯಕ್ತಿಯೊಬ್ಬರು ಎರಡು ವರದಿಗಳನ್ನು ಹಿಡಿದು ಗ್ಯಾಸ್ಟ್ರೋಎಂಟರಾಲಜಿ ತಜ್ಞರ ಮುಂದೆ ಕುಳಿತಿದ್ದಾರೆ. ನಾಲ್ಕು ತಿಂಗಳ ಹಿಂದಿನ ಮೊದಲ ವರದಿ, ದೊಡ್ಡ ಕರುಳಿನ ಕ್ಯಾನ್ಸರ್‌ನ ಸುಳಿವು ಹುಡುಕುವ ಮಲದ ಡಿಎನ್‌ಎ ಪರೀಕ್ಷೆಯದು. ಅದರಲ್ಲಿ ‘ಪಾಸಿಟಿವ್’ ಎಂಬ ಒಂದೇ ಪದವಿದೆ. ಅದಾದ ಮೂರು ವಾರಕ್ಕೆ ಮಾಡಿಸಿದ ಎರಡನೆಯದು, ಮಲದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ರಕ್ತವಿದೆಯೇ ಎಂದು ನೋಡುವ ‘ಫಿಟ್’ ಪರೀಕ್ಷೆಯದು; ಅದರಲ್ಲಿ ‘ನೆಗೆಟಿವ್’ ಎಂದಿದೆ. ಎರಡನೆಯ ವರದಿ ಮೊದಲನೆಯದನ್ನು ರದ್ದು ಮಾಡಿತೆಂದು ಅವರು ನಂಬಿದ್ದರು. ಆ ಎರಡನೆಯ ಪರೀಕ್ಷೆಯನ್ನು ಬರೆದುಕೊಟ್ಟ ವೈದ್ಯರೂ ಹಾಗೆಯೇ ನಂಬಿದ್ದರು. ರಕ್ತದೊತ್ತಡದ ಮಾತ್ರೆಗಾಗಿ ಬೇರೊಬ್ಬ ವೈದ್ಯರನ್ನು ಕಾಣಲು ಹೋದಾಗ ಆ ವೈದ್ಯರು ಹಳೆಯ ಕಾಗದಗಳನ್ನು ತಿರುವಿ ನೋಡದೆ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿನ ರೋಗಿ ಒಬ್ಬ ನಿಜವ್ಯಕ್ತಿಯಲ್ಲ. ಇಂಥ ಪರೀಕ್ಷೆ ಬಳಕೆಯಲ್ಲಿರುವ ಕಡೆ ಎದುರಾಗುವ ತೊಡಕುಗಳನ್ನು ಚರ್ಚೆಯ ಅನುಕೂಲಕ್ಕಾಗಿ ಒಂದೇ ಪ್ರಕರಣದಲ್ಲಿ ಜೋಡಿಸಲಾಗಿದೆ. ಅಂಕಿಅಂಶಗಳು ಮಾತ್ರ ಪ್ರಕಟವಾದ ಅಧ್ಯಯನಗಳವು.

ಪರೀಕ್ಷೆಗೆ ಮುನ್ನ

ರೋಗಿಗೆ ಯಾವ ತೊಂದರೆಯೂ ಇರಲಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ರಕ್ತಹೀನತೆ ಇವುಗಳಲ್ಲಿ ಒಂದೂ ಕಂಡಿರಲಿಲ್ಲ. ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದ ದಾಖಲೆಯಿರಲಿಲ್ಲ. ಕರುಳಿನ ದೀರ್ಘಕಾಲದ ಉರಿಯೂತವೂ ಇರಲಿಲ್ಲ. ಈ ವಿವರಗಳು ಮುಖ್ಯ, ಏಕೆಂದರೆ ಮಲದ ಡಿಎನ್‌ಎ ಪರೀಕ್ಷೆ ಇರುವುದೇ ಇಂಥವರಿಗೆ, ಅಂದರೆ ರೋಗಲಕ್ಷಣವಿಲ್ಲದ, ಸಾಮಾನ್ಯ ಮಟ್ಟದ ಅಪಾಯದಲ್ಲಿರುವ ವಯಸ್ಕರಿಗೆ. ರಕ್ತ ಹೋಗುತ್ತಿರುವವರಿಗೆ, ಹಿಂದೆ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಗಡ್ಡೆ) ತೆಗೆಸಿಕೊಂಡವರಿಗೆ, ವಂಶದಲ್ಲಿ ಲಿಂಚ್ ಸಿಂಡ್ರೋಮ್‌ನಂತಹ ಕರುಳಿನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಆನುವಂಶಿಕ ತೊಂದರೆ ಇರುವವರಿಗೆ ನೇರವಾಗಿ ಕೊಲೊನೋಸ್ಕೋಪಿಯೇ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯೇ ಬೇಕು. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2021ರಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. 75ರವರೆಗಿನವರಿಗೆ ಅದು ಸೂಚಿಸುವ ವಿಧಾನಗಳಲ್ಲಿ ವರ್ಷಕ್ಕೊಮ್ಮೆಯ ಫಿಟ್, ಒಂದರಿಂದ ಮೂರು ವರ್ಷಕ್ಕೊಮ್ಮೆಯ ಡಿಎನ್‌ಎ ಪರೀಕ್ಷೆ, ಹತ್ತು ವರ್ಷಕ್ಕೊಮ್ಮೆಯ ಕೊಲೊನೋಸ್ಕೋಪಿ ಎಲ್ಲವೂ ಇವೆ.

ನಮ್ಮ ರೋಗಿ 58 ತುಂಬುವವರೆಗೂ ಯಾವ ತಪಾಸಣೆಯನ್ನೂ ಮಾಡಿಸಿರಲಿಲ್ಲ. ಹಿಂದಿನ ದಿನವೆಲ್ಲ ಭೇದಿ ಔಷಧ ಕುಡಿಯಬೇಕು, ಮಂಪರಿನಲ್ಲಿ ಮಲಗಬೇಕು, ಕೊಳವೆ ಹಾಕಿಸಿಕೊಳ್ಳಬೇಕು ಎಂದು ತಿಳಿದ ಕೂಡಲೇ ಕೊಲೊನೋಸ್ಕೋಪಿಯ ಮಾತನ್ನು ಅವರು ಬದಿಗಿಟ್ಟಿದ್ದರು. ಮನೆಯಲ್ಲೇ ಮಾದರಿ ತೆಗೆದು ಕಳುಹಿಸಬಹುದೆಂದಾಗ ಒಪ್ಪಿದರು. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು ಎಂಬ ಮಾತು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅಚ್ಚಾಗಿತ್ತೇ ಹೊರತು ಅದನ್ನು ಯಾರೂ ಅವರೆದುರು ಕುಳಿತು ಹೇಳಿರಲಿಲ್ಲ. ಈ ಪ್ರಕರಣದ ಮೊದಲ ತಪ್ಪು ಇದೇ ಎಂದು ನನಗೆ ಅನಿಸುತ್ತದೆ. ಕೊಲೊನೋಸ್ಕೋಪಿಯಿಂದ ತಪ್ಪಿಸಿಕೊಳ್ಳುವ ದಾರಿಯೆಂದು ಈ ಪರೀಕ್ಷೆಯನ್ನು ಆರಿಸಿಕೊಂಡವರು, ಅದು ತಿರುಗಿ ಅಲ್ಲಿಗೇ ಕರೆದೊಯ್ದಾಗ ಬೇರೊಂದು ದಾರಿ ಹುಡುಕುವುದು ಸಹಜ.

ಮಲದಲ್ಲಿ ರೋಗಿಯ ಡಿಎನ್‌ಎ

ದೊಡ್ಡ ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬಾಳಿ ಉದುರುತ್ತವೆ, ಅವುಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಗಡ್ಡೆಯ ಕೋಶಗಳೂ ಹೀಗೆಯೇ ಉದುರಿ ಮಲದೊಡನೆ ಹೊರಬೀಳುತ್ತವೆ. ರಕ್ತಸ್ರಾವಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ಗಡ್ಡೆ ಒಂದು ದಿನ ರಕ್ತ ಒಸರಿಸಬಹುದು, ಇನ್ನೊಂದು ದಿನ ಒಸರಿಸದಿರಬಹುದು, ಎಷ್ಟೋ ಗಡ್ಡೆಗಳು ಒಸರಿಸುವುದೇ ಇಲ್ಲ, ಕೋಶಗಳು ಮಾತ್ರ ಬಿಡುವಿಲ್ಲದೆ ಉದುರುತ್ತಲೇ ಇರುತ್ತವೆ. ಆ ಕೋಶಗಳ ಡಿಎನ್‌ಎಯಲ್ಲಿ ಗಡ್ಡೆಯ ಗುರುತು ಹುಡುಕಬಹುದೇ ಎಂಬ ಪ್ರಶ್ನೆಗೆ 1992ರಲ್ಲಿ ಡೇವಿಡ್ ಸಿಡ್ರಾನ್ಸ್ಕಿ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಕರುಳಿನ ಗಡ್ಡೆಯಿದ್ದವರ ಮಲದಲ್ಲಿ ‘ರಾಸ್’ ವಂಶವಾಹಿಯ ಮ್ಯುಟೇಷನ್‌ಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳ ಬದಲಾವಣೆಗಳನ್ನು ಅವರು ಗುರುತಿಸಿದರು. ಆ ಪ್ರಯೋಗ ಎಲ್ಲರಿಗೂ ಬಳಸಬಹುದಾದ ಪರೀಕ್ಷೆಯಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ‘ಕೊಲೊಗಾರ್ಡ್’ ಎಂಬ ಹೆಸರಿನ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಂಜೂರಾತಿ ಕೊಟ್ಟದ್ದು 2014ರ ಆಗಸ್ಟ್‌ನಲ್ಲಿ.

ಇಷ್ಟು ತಡವಾದದ್ದಕ್ಕೆ ಕಾರಣ ಮಲದಲ್ಲೇ ಇದೆ. ಅದರಲ್ಲಿರುವ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳದು. ಮನುಷ್ಯನದು ಅತ್ಯಲ್ಪ, ಅದರಲ್ಲೂ ಗಡ್ಡೆಯಿಂದ ಬಂದದ್ದು ಇನ್ನೂ ಅಲ್ಪ. ಸಾಲದ್ದಕ್ಕೆ ಮಲ ಹೊರಬಿದ್ದ ಮೇಲೂ ಆ ಡಿಎನ್‌ಎ ತುಂಡಾಗುತ್ತ ಹೋಗುತ್ತದೆ. ಆದ್ದರಿಂದಲೇ ಮಾದರಿ ತೆಗೆಯುವ ಕ್ರಮ ಅಷ್ಟು ಕಟ್ಟುನಿಟ್ಟು. ಶೌಚದ ಆಸನಕ್ಕೆ ಸಿಕ್ಕಿಸಿದ ಡಬ್ಬಿಯಲ್ಲಿ ಮಲವನ್ನು ಹಿಡಿಯಬೇಕು. ಕಡ್ಡಿಯಿಂದ ಸ್ವಲ್ಪ ಕೆರೆದು ರಕ್ತಾಂಶದ ಪರೀಕ್ಷೆಗಾಗಿ ಬೇರೆ ಕೊಳವೆಯಲ್ಲಿಡಬೇಕು. ಉಳಿದುದರ ಮೇಲೆ ಸಂರಕ್ಷಕ ದ್ರಾವಣ ಸುರಿದು ಮುಚ್ಚಬೇಕು. 72 ಗಂಟೆಯೊಳಗೆ ಅದು ಪ್ರಯೋಗಾಲಯ ತಲುಪಬೇಕು. ಭೇದಿಯಾಗುತ್ತಿರುವಾಗ, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವಾಗ, ಮುಟ್ಟಿನ ದಿನಗಳಲ್ಲಿ ಮಾದರಿ ತೆಗೆಯಬಾರದು. ಊಟದಲ್ಲಿ ಪಥ್ಯವೇನೂ ಬೇಕಿಲ್ಲ.

ಪ್ರಯೋಗಾಲಯದಲ್ಲಿ ಮಲವನ್ನು ಕದಡಿ ಸೋಸಿ, ಬೇಕಾದ ವಂಶವಾಹಿಯ ತುಣುಕುಗಳಿಗಷ್ಟೇ ಅಂಟಿಕೊಳ್ಳುವಂತೆ ಮಾಡಿದ ಕಾಂತೀಯ ಮಣಿಗಳಿಂದ ಆ ತುಣುಕುಗಳನ್ನು ಸೆಳೆದು ಬೇರ್ಪಡಿಸುತ್ತಾರೆ. 2014ರ ಪರೀಕ್ಷೆ ಅಲ್ಲಿ ನೋಡುವುದು ಮೂರು ಬಗೆಯ ಗುರುತುಗಳನ್ನು. ಒಂದು, ‘ಕೆರಾಸ್’ ವಂಶವಾಹಿಯ ಕೆಲವು ಮ್ಯುಟೇಷನ್‌ಗಳು. ಎರಡು, ‘ಎನ್‌ಡಿಆರ್‌ಜಿ4’ ಮತ್ತು ‘ಬಿಎಂಪಿ3’ ಎಂಬ ವಂಶವಾಹಿಗಳ ಮೇಲೆ ಅಸಹಜವಾಗಿ ಸೇರಿಕೊಂಡ ಮೆಥಿಲ್ ಗುಂಪುಗಳು. ಇಲ್ಲಿ ಡಿಎನ್‌ಎಯ ಅಕ್ಷರಗಳು ಬದಲಾಗಿರುವುದಿಲ್ಲ, ಆದರೆ ಅದರ ಮೇಲೆ ಬಿದ್ದ ಮುದ್ರೆಯಿಂದಾಗಿ ಆ ವಂಶವಾಹಿ ಮೌನವಾಗಿರುತ್ತದೆ. ಮೂರನೆಯದು ಡಿಎನ್‌ಎಗೆ ಸಂಬಂಧವೇ ಇಲ್ಲದ ಹಿಮೋಗ್ಲೋಬಿನ್. ಇವುಗಳ ಜೊತೆಗೆ ‘ಬೀಟಾ ಆಕ್ಟಿನ್’ ಎಂಬ ಸಾಮಾನ್ಯ ವಂಶವಾಹಿಯನ್ನೂ ಅಳೆಯುತ್ತಾರೆ. ಮಾದರಿಯಲ್ಲಿ ಮನುಷ್ಯನ ಡಿಎನ್‌ಎ ಸಾಕಷ್ಟಿದೆಯೇ ಎಂದು ತಿಳಿಯಲು ಅದು ಬೇಕು. ಈ ಎಲ್ಲ ಅಳತೆಗಳನ್ನು ಒಂದು ಸೂತ್ರದಲ್ಲಿ ಕೂಡಿಸಿ ಒಂದೇ ಅಂಕ ತೆಗೆಯುತ್ತಾರೆ. ಅದು ಗೊತ್ತುಪಡಿಸಿದ ಮಿತಿ ಮುಟ್ಟಿದರೆ ವರದಿ ಪಾಸಿಟಿವ್.

ಯಾವ ಗುರುತಿನಿಂದಾಗಿ ಮಿತಿ ಮೀರಿತು ಎಂಬುದನ್ನು ವರದಿ ಹೇಳುವುದಿಲ್ಲ. ನಮ್ಮ ರೋಗಿಗಾಗಲಿ ಅವರ ವೈದ್ಯರಿಗಾಗಲಿ ತಿಳಿದದ್ದು ಆ ಒಂದು ಪದ ಮಾತ್ರ.

ಫಿಟ್ ಏಕೆ ಉತ್ತರವಾಗಲಾರದು

ಅನುಮಾನ ಬಂದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳೋಣ ಎಂಬ ಯೋಚನೆ ಮೇಲುನೋಟಕ್ಕೆ ವಿವೇಕದ್ದೇ. ಇಲ್ಲಿ ಅದು ಹೊಂದುವುದಿಲ್ಲ. ಡಿಎನ್‌ಎ ಪರೀಕ್ಷೆಯೊಳಗೇ ಹಿಮೋಗ್ಲೋಬಿನ್ ಹುಡುಕುವ ಒಂದು ಭಾಗವಿದೆ. ಆದ್ದರಿಂದ ಫಿಟ್ ಮಾಡಿಸುವುದೆಂದರೆ, ಮೊದಲ ಪರೀಕ್ಷೆಯ ಒಂದು ತುಂಡನ್ನಷ್ಟೇ ಮತ್ತೆ ಮಾಡಿಸಿ, ಅದನ್ನು ಪಾಸಿಟಿವ್ ಮಾಡಿದ್ದಿರಬಹುದಾದ ಉಳಿದ ಭಾಗಗಳನ್ನು ನೋಡದೆ ಬಿಡುವುದು.

ಅಂಕಿಗಳು ಇದನ್ನು ಇನ್ನೂ ಸ್ಪಷ್ಟಪಡಿಸುತ್ತವೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9,989 ಮಂದಿ ಎರಡೂ ಮಲಪರೀಕ್ಷೆಗಳನ್ನು ಮಾಡಿಸಿಕೊಂಡು, ಫಲಿತಾಂಶ ಏನೇ ಇರಲಿ, ಕೊಲೊನೋಸ್ಕೋಪಿಗೂ ಒಳಗಾದರು. ಅವರಲ್ಲಿ 65 ಮಂದಿಗೆ ಕ್ಯಾನ್ಸರ್ ಇತ್ತು. ಡಿಎನ್‌ಎ ಪರೀಕ್ಷೆ ಅವರಲ್ಲಿ 60 ಮಂದಿಯನ್ನು ಹಿಡಿಯಿತು, ಫಿಟ್ 48 ಮಂದಿಯನ್ನು. ಕ್ಯಾನ್ಸರ್ ಆಗುವ ಹಾದಿಯಲ್ಲಿ ಮುಂದುವರಿದಿದ್ದ ಗಡ್ಡೆಗಳು 757 ಮಂದಿಯಲ್ಲಿದ್ದವು. ಡಿಎನ್‌ಎ ಪರೀಕ್ಷೆ ಅವುಗಳಲ್ಲಿ ಶೇ 42.4ರಷ್ಟನ್ನೂ ಫಿಟ್ ಶೇ 23.8ರಷ್ಟನ್ನೂ ಗುರುತಿಸಿದವು. ಗರಗಸದ ಹಲ್ಲಿನಂಥ ಅಂಚಿರುವ, ಚಪ್ಪಟೆಯಾಗಿ ಬೆಳೆಯುವ ‘ಸೆರೇಟೆಡ್’ ಗಡ್ಡೆಗಳಲ್ಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡವನ್ನು ಮಾತ್ರ ತೆಗೆದುಕೊಂಡರೆ ಅಂತರ ಇನ್ನೂ ಹಿಗ್ಗುತ್ತದೆ: ಡಿಎನ್‌ಎ ಪರೀಕ್ಷೆಗೆ ಶೇ 42.4, ಫಿಟ್‌ಗೆ ಶೇ 5.1. ಅಂದರೆ ಇಂಥ ಗಡ್ಡೆಯಿರುವ ನೂರು ಮಂದಿಯಲ್ಲಿ ಸುಮಾರು 95 ಮಂದಿಗೆ ಫಿಟ್ ನೆಗೆಟಿವ್ ಎಂದೇ ಹೇಳುತ್ತದೆ.

ಮತ್ತೊಂದು ಬದಿಯನ್ನೂ ಮುಚ್ಚಿಡಬಾರದು. ಕ್ಯಾನ್ಸರ್ ಆಗಲಿ ಮುಂದುವರಿದ ಗಡ್ಡೆಯಾಗಲಿ ಇಲ್ಲದ ನೂರು ಮಂದಿಯಲ್ಲಿ ಡಿಎನ್‌ಎ ಪರೀಕ್ಷೆ ಸುಮಾರು 13 ಮಂದಿಗೆ ಪಾಸಿಟಿವ್ ಎನ್ನುತ್ತದೆ, ಫಿಟ್ ಸುಮಾರು 5 ಮಂದಿಗೆ. ವಯಸ್ಸಾದಂತೆ ಆರೋಗ್ಯವಂತ ಕೋಶಗಳಲ್ಲೂ ಮೆಥಿಲ್ ಮುದ್ರೆಗಳು ಹೆಚ್ಚುವುದರಿಂದ ಈ ಸುಳ್ಳು ಎಚ್ಚರಿಕೆಯೂ ವಯಸ್ಸಿನೊಡನೆ ಏರುತ್ತದೆ. ಅದೇ ಅಧ್ಯಯನದಲ್ಲಿ ಡಿಎನ್‌ಎ ಪರೀಕ್ಷೆ ಪಾಸಿಟಿವ್ ಬಂದ ಸುಮಾರು 1,600 ಮಂದಿಯಲ್ಲಿ ಕ್ಯಾನ್ಸರ್ ಇದ್ದದ್ದು 60 ಮಂದಿಗೆ, ಎಂದರೆ ನೂರಕ್ಕೆ ನಾಲ್ವರಿಗಿಂತ ಕಡಿಮೆ. ಮುಂದುವರಿದ ಗಡ್ಡೆಯಿದ್ದದ್ದು ನೂರಕ್ಕೆ ಸುಮಾರು 20 ಮಂದಿಗೆ. ಉಳಿದ ಮುಕ್ಕಾಲು ಪಾಲಿನವರಲ್ಲಿ ಚಿಕ್ಕಪುಟ್ಟ ಪಾಲಿಪ್ ಇತ್ತು ಅಥವಾ ಏನೂ ಇರಲಿಲ್ಲ. ‘ಪಾಸಿಟಿವ್’ ಎಂಬ ಪದವನ್ನು ‘ಕ್ಯಾನ್ಸರ್ ಇದೆ’ ಎಂದು ಓದಿಕೊಂಡು ವಾರಗಟ್ಟಲೆ ನಿದ್ದೆಗೆಡುವವರಿಗೆ ಈ ಲೆಕ್ಕವನ್ನು ಮೊದಲೇ ಹೇಳಿದ್ದರೆ, ಹೆದರಿಕೆಯಿಂದ ಓಡುವುದೂ ತಪ್ಪುತ್ತಿತ್ತು, ನೆಮ್ಮದಿ ಕೊಡುವ ಇನ್ನೊಂದು ವರದಿಗಾಗಿ ಹುಡುಕಾಡುವುದೂ ತಪ್ಪುತ್ತಿತ್ತು. ನಾಲ್ವರಲ್ಲಿ ಒಬ್ಬರಿಗೆ ತೆಗೆದುಹಾಕಲೇಬೇಕಾದದ್ದೇನೋ ಇರುತ್ತದೆ. ಆ ಒಬ್ಬರು ಯಾರೆಂದು ಕರುಳಿನೊಳಗೆ ನೋಡದೆ ತಿಳಿಯುವುದಿಲ್ಲ.

ನಾಲ್ಕು ತಿಂಗಳು ಕಳೆದುಹೋದದ್ದರ ಬಗ್ಗೆ ರೋಗಿಗೆ ಅಳುಕಿತ್ತು. ಫಿಟ್ ಪಾಸಿಟಿವ್ ಬಂದ ಸುಮಾರು 70,000 ಮಂದಿಯ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಲೊನೋಸ್ಕೋಪಿ ಹತ್ತು ತಿಂಗಳು ದಾಟಿದಾಗ ಕ್ಯಾನ್ಸರ್‌ನ ಅಪಾಯವೂ, ಅದು ಮುಂದುವರಿದ ಹಂತದಲ್ಲಿ ಸಿಗುವ ಅಪಾಯವೂ ಹೆಚ್ಚಿದ್ದು ಕಂಡುಬಂದಿತ್ತು. ಡಿಎನ್‌ಎ ಪರೀಕ್ಷೆಗೂ ಅದನ್ನೇ ಅಳತೆಗೋಲಾಗಿ ಹಿಡಿದರೆ ಇನ್ನೂ ಹೊತ್ತು ಮೀರಿರಲಿಲ್ಲ.

ಮೊದಲ ಕೊಲೊನೋಸ್ಕೋಪಿ

ಐದನೆಯ ತಿಂಗಳಲ್ಲಿ ಮಾಡಿದ ಕೊಲೊನೋಸ್ಕೋಪಿಯಲ್ಲಿ ಎಡಭಾಗದಲ್ಲಿ ನಾಲ್ಕು ಮಿಲಿಮೀಟರ್‌ನ ಒಂದು ಪಾಲಿಪ್ ಸಿಕ್ಕಿತು, ಅದನ್ನು ತೆಗೆದರು. ದೊಡ್ಡ ಕರುಳಿನ ಬಲಭಾಗದಲ್ಲಿ ಹಳದಿ ದ್ರವವೂ ಮಲದ ಚೂರುಗಳೂ ಉಳಿದಿದ್ದವು. ರೋಗಿ ಭೇದಿ ಔಷಧವನ್ನೆಲ್ಲ ಹಿಂದಿನ ಸಂಜೆಯೇ ಕುಡಿದು ಮುಗಿಸಿದ್ದರು. ಅರ್ಧವನ್ನು ಹಿಂದಿನ ಸಂಜೆ, ಇನ್ನರ್ಧವನ್ನು ಪರೀಕ್ಷೆಯ ದಿನ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಬಲಭಾಗ ಹೆಚ್ಚು ಸ್ವಚ್ಛವಾಗುತ್ತದೆ.

ಇಲ್ಲಿ ಈ ಪ್ರಕರಣ ಎರಡನೆಯ ಬಾರಿ ಮುಗಿದುಹೋಗುವುದರಲ್ಲಿತ್ತು. ಕೊಳವೆ ಕರುಳಿನ ಕೊನೆ ಮುಟ್ಟಿದೆ, ಒಂದು ಪಾಲಿಪ್ ಸಿಕ್ಕಿದೆ, ಪಾಸಿಟಿವ್ ವರದಿಗೆ ‘ಕಾರಣ’ ದೊರೆತಂತೆ ತೋರುತ್ತಿದೆ. ಆದರೆ ನಾಲ್ಕು ಮಿಲಿಮೀಟರ್‌ನ ಸಾಮಾನ್ಯ ಪಾಲಿಪ್ ಮಲದ ಡಿಎನ್‌ಎ ಪರೀಕ್ಷೆಯನ್ನು ಪಾಸಿಟಿವ್ ಮಾಡಿತೆಂದು ನಂಬುವುದಕ್ಕೆ ಹೆಚ್ಚಿನ ಆಧಾರವಿಲ್ಲ. ತಜ್ಞರು ಮಾಡಿದ ಸರಿಯಾದ ಕೆಲಸವೆಂದರೆ ಕರುಳಿನ ಸ್ವಚ್ಛತೆಯನ್ನು ಅಂಕದಲ್ಲಿ ಬರೆದದ್ದು. ಬೋಸ್ಟನ್ ಮಾಪಕದಲ್ಲಿ ಕರುಳಿನ ಮೂರು ಭಾಗಗಳಿಗೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಯಾವುದೇ ಭಾಗಕ್ಕೆ 2ಕ್ಕಿಂತ ಕಡಿಮೆ ಬಂದರೆ ಆ ಪರೀಕ್ಷೆಯನ್ನು ಸಾಲದೆಂದೇ ಭಾವಿಸಬೇಕು. ಇವರ ಬಲಭಾಗಕ್ಕೆ 1 ಬಂದಿತ್ತು. ‘ಸ್ವಚ್ಛತೆ ಪರವಾಗಿಲ್ಲ’ ಎಂದು ಮಾತಿನಲ್ಲಿ ಬರೆದಿದ್ದರೆ, ಮೂರು ವಾರದ ಬಳಿಕ ಮತ್ತೆ ಬರಬೇಕೆಂದು ಈ ರೋಗಿಯನ್ನು ಒಪ್ಪಿಸುವುದು ಸಾಧ್ಯವಾಗುತ್ತಿತ್ತೇ ಎಂಬ ಅನುಮಾನ ನನಗಿದೆ.

ಎರಡನೆಯದು

ಎರಡನೆಯ ಬಾರಿ ಬಲಭಾಗ ಸ್ವಚ್ಛವಾಗಿತ್ತು. ಆದರೂ ಗಡ್ಡೆ ತಟ್ಟನೆ ಕಾಣಲಿಲ್ಲ. ಒಂದು ಮಡಿಕೆಯ ಹಿಂದೆ ತೊಳೆದರೂ ಬಿಡದ ಲೋಳೆಯ ತೆಳುಪದರವೊಂದು ಅಂಟಿಕೊಂಡಿತ್ತು. ಅದನ್ನು ನೀರು ಹಾಯಿಸಿ ಸರಿಸಿದಾಗ ಅಡಿಯಲ್ಲಿ ಸುತ್ತಲಿನ ಒಳಪದರದ್ದೇ ಬಣ್ಣದ, ಅಂಚು ಸ್ಪಷ್ಟವಿಲ್ಲದ, ಸುಮಾರು 22 ಮಿಲಿಮೀಟರ್ ಅಗಲದ ಚಪ್ಪಟೆ ಗಡ್ಡೆ ಕಂಡಿತು. ಅದರ ಒಂದು ಮೂಲೆಯಲ್ಲಿ ಸಣ್ಣ ಗಂಟೊಂದು ಎದ್ದಿತ್ತು. ಇದು ಸೆರೇಟೆಡ್ ಗಡ್ಡೆಯ ಮಾದರಿ ರೂಪ. ಮಲದ ಡಿಎನ್‌ಎ ಪರೀಕ್ಷೆ ಪಾಸಿಟಿವ್ ಎಂದು ಮೊದಲೇ ತಿಳಿದಿರುವ ತಜ್ಞರು ಒಳಗೆ ಹೆಚ್ಚು ಹೊತ್ತು ನೋಡುತ್ತಾರೆ, ಹೆಚ್ಚು ಪಾಲಿಪ್‌ಗಳನ್ನು ಹುಡುಕುತ್ತಾರೆ ಎಂದು ತೋರಿಸಿದ ಅಧ್ಯಯನವಿದೆ. ವರದಿಯನ್ನು ಜೇಬಿನಲ್ಲಿಟ್ಟುಕೊಳ್ಳದೆ ತಜ್ಞರ ಕೈಗೆ ಕೊಡುವುದಕ್ಕೂ ಬೆಲೆಯಿದೆ ಎಂದಾಯಿತು.

ಗಡ್ಡೆಯ ಅಡಿಗೆ ಬಣ್ಣ ಬೆರೆಸಿದ ದ್ರಾವಣ ಚುಚ್ಚಿ ಅದನ್ನು ಮೇಲೆತ್ತಿ, ತಂತಿಯ ಕುಣಿಕೆಯಿಂದ ತುಂಡುತುಂಡಾಗಿ ಕತ್ತರಿಸಿ ತೆಗೆದರು. ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ.

ಪೆಥಾಲಜಿ ವರದಿ ಬಂದಾಗ ಇಡೀ ಪ್ರಕರಣ ಅರ್ಥವಾಯಿತು. ಅದು ಸೆರೇಟೆಡ್ ಗಡ್ಡೆಯೇ. ಗಂಟಿದ್ದ ಮೂಲೆಯಲ್ಲಿ ಕೋಶಗಳು ಕ್ಯಾನ್ಸರ್‌ನತ್ತ ಹೊರಳುವ ಹಂತ, ಅಂದರೆ ಡಿಸ್‌ಪ್ಲಾಸಿಯಾ, ಕಂಡುಬಂದಿತ್ತು. ಪದರ ದಾಟಿ ಒಳಕ್ಕೆ ಇಳಿದ ಕ್ಯಾನ್ಸರ್ ಇರಲಿಲ್ಲ. ಆ ಮೂಲೆಯ ಕೋಶಗಳಲ್ಲಿ ‘ಎಂಎಲ್‌ಎಚ್1’ ಪ್ರೋಟೀನ್ ಕಾಣೆಯಾಗಿತ್ತು. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವ ತಂಡದಲ್ಲಿ ಅದೂ ಒಂದು. ಅದಿಲ್ಲದ ಕೋಶದಲ್ಲಿ ತಪ್ಪುಗಳು ಬೇಗಬೇಗ ಗುಡ್ಡೆಬೀಳುತ್ತವೆ. ಸಾಮಾನ್ಯ ಅಡೆನೋಮ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆಂಬ ಲೆಕ್ಕ ಈ ಹಂತ ತಲುಪಿದ ಸೆರೇಟೆಡ್ ಗಡ್ಡೆಗೆ ಅನ್ವಯಿಸುವುದಿಲ್ಲ. ಅದು ಬೇಗ ಹೊರಳಬಲ್ಲದು.

ಈಗ ಆ ಎರಡು ವರದಿಗಳಿಗೆ ಮರಳಬಹುದು. ಇಂಥ ಗಡ್ಡೆಗಳು ಚಪ್ಪಟೆಯಾಗಿ, ಲೋಳೆಯಡಿ ಅಡಗಿ, ರಕ್ತ ಒಸರಿಸದೆ ಬೆಳೆಯುತ್ತವೆ; ಫಿಟ್ ನೆಗೆಟಿವ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಬಿರಾಫ್’ ವಂಶವಾಹಿಯ ಮ್ಯುಟೇಷನ್, ಕೆರಾಸ್‌ನದಲ್ಲ. ಆದ್ದರಿಂದ ಪರೀಕ್ಷೆಯ ಕೆರಾಸ್ ಭಾಗವೂ ಬಹುಶಃ ಏನನ್ನೂ ಕಂಡಿರಲಿಕ್ಕಿಲ್ಲ. ಆದರೆ ಈ ಬಗೆಯ ಗಡ್ಡೆಯ ಡಿಎನ್‌ಎ ಮೇಲೆ ಮೆಥಿಲ್ ಮುದ್ರೆಗಳು ಹೇರಳವಾಗಿರುತ್ತವೆ. ಪಾಸಿಟಿವ್ ಬಂದದ್ದು ಆ ಮುದ್ರೆಗಳಿಂದಲೇ ಎಂದು ಊಹಿಸಬಹುದು. ವರದಿಯಲ್ಲಿ ಒಂದೇ ಪದವಿರುವುದರಿಂದ ಅದು ಊಹೆಯಾಗಿಯೇ ಉಳಿಯುತ್ತದೆ.

‘ವಂಶವಾಹಿ’ ಎಂಬ ಪದದ ಗೊಂದಲ

ಪೆಥಾಲಜಿ ವರದಿಯನ್ನು ವಿವರಿಸಿದ ದಿನ ರೋಗಿಯೂ ಅವರ ಪತ್ನಿಯೂ ಕೇಳಿದ ಮೊದಲ ಪ್ರಶ್ನೆ ಮಕ್ಕಳ ಬಗ್ಗೆ. ವಂಶವಾಹಿಯಲ್ಲಿ ದೋಷವಿದೆ ಎಂದ ಮೇಲೆ ಅದು ಮಕ್ಕಳಿಗೂ ಹೋಗಿರಬೇಕಲ್ಲವೇ? ನಮ್ಮ ಭಾಷೆಯಲ್ಲಿ ಪದದೊಳಗೇ ‘ವಂಶ’ ಇರುವುದರಿಂದ ಈ ಅಂಜಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಮಲದ ಪರೀಕ್ಷೆ ಹುಡುಕುವುದು ಹುಟ್ಟಿನಿಂದ ಬಂದ ದೋಷವನ್ನಲ್ಲ. ಬದುಕಿನ ನಡುವೆ ಕರುಳಿನ ಕೆಲವು ಕೋಶಗಳಲ್ಲಷ್ಟೇ ಆದ ಬದಲಾವಣೆಗಳನ್ನು. ಅವು ಮಕ್ಕಳಿಗೆ ಹೋಗುವುದಿಲ್ಲ.

ಈ ಪ್ರಕರಣದಲ್ಲಿ ಮಾತ್ರ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. ಎಂಎಲ್‌ಎಚ್1 ಕಾಣೆಯಾಗುವುದು ಆನುವಂಶಿಕವಾದ ಲಿಂಚ್ ಸಿಂಡ್ರೋಮ್‌ನಲ್ಲೂ ಉಂಟು. ಗಡ್ಡೆಯಲ್ಲಿ ಬಿರಾಫ್‌ನ ‘ವಿ600ಇ’ ಮ್ಯುಟೇಷನ್ ಇದ್ದರೆ, ಎಂಎಲ್‌ಎಚ್1 ಮೌನವಾದದ್ದು ಮೆಥಿಲ್ ಮುದ್ರೆಯಿಂದ, ವಂಶದಿಂದಲ್ಲ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಇವರ ಗಡ್ಡೆಯಲ್ಲಿ ಅದಿತ್ತು. ಮಕ್ಕಳ ರಕ್ತದಲ್ಲಿ ವಂಶವಾಹಿ ಪರೀಕ್ಷೆ ಮಾಡಿಸುವ ಅಗತ್ಯ ಬೀಳಲಿಲ್ಲ. ಒಡಹುಟ್ಟಿದವರೂ ಮಕ್ಕಳೂ 40ನೆಯ ವಯಸ್ಸಿನಿಂದ ತಪಾಸಣೆ ಆರಂಭಿಸಬೇಕೆಂಬ ಸಲಹೆಯನ್ನು ಬರೆದುಕೊಡಲಾಯಿತು, ಏಕೆಂದರೆ ಹತ್ತಿರದ ರಕ್ತಸಂಬಂಧಿಯಲ್ಲಿ 60ಕ್ಕೆ ಮೊದಲೇ ಮುಂದುವರಿದ ಗಡ್ಡೆ ಕಂಡರೆ ಉಳಿದವರ ಅಪಾಯವೂ ಸ್ವಲ್ಪ ಏರುತ್ತದೆ.

ಪರೀಕ್ಷೆಯ ಮಿತಿ ಮತ್ತು ಮುಂದಿನ ನಿಗಾ

ಈ ಕಥೆಯನ್ನು ಡಿಎನ್‌ಎ ಪರೀಕ್ಷೆಯ ಗೆಲುವೆಂದಷ್ಟೇ ಓದಿದರೆ ತಪ್ಪಾಗುತ್ತದೆ. ಇದೇ ಗಾತ್ರದ ಸೆರೇಟೆಡ್ ಗಡ್ಡೆಯಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದೇ ಪರೀಕ್ಷೆ ನೆಗೆಟಿವ್ ಎನ್ನುತ್ತಿತ್ತು. ಮೇಲಿನ ಅಧ್ಯಯನದ 65 ಕ್ಯಾನ್ಸರ್‌ಗಳಲ್ಲಿ ಐದು ಅದರ ಕಣ್ಣು ತಪ್ಪಿಸಿಕೊಂಡವು. ಗುರುತುಗಳನ್ನು ಬದಲಾಯಿಸಿ, ಕೆರಾಸ್ ಅನ್ನು ಕೈಬಿಟ್ಟು, ಮೆಥಿಲ್ ಮುದ್ರೆಗಳನ್ನೂ ಹಿಮೋಗ್ಲೋಬಿನ್ನನ್ನೂ ಆಧರಿಸಿದ ಹೊಸ ಆವೃತ್ತಿಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 20,176 ಮಂದಿಯ ಆ ಅಧ್ಯಯನದಲ್ಲಿ ಕ್ಯಾನ್ಸರ್ ಹಿಡಿಯುವ ಸಾಮರ್ಥ್ಯ ಶೇ 93.9, ಮುಂದುವರಿದ ಗಡ್ಡೆ ಹಿಡಿಯುವ ಸಾಮರ್ಥ್ಯ ಶೇ 43.4. ಸುಳ್ಳು ಎಚ್ಚರಿಕೆ ನೂರಕ್ಕೆ 9ರ ಆಸುಪಾಸಿಗೆ ಇಳಿದದ್ದು ನಿಜವಾದ ಲಾಭ. ಗಡ್ಡೆ ಹಿಡಿಯುವ ಅಂಕಿ ಹತ್ತು ವರ್ಷದಲ್ಲಿ ಹೆಚ್ಚೇನೂ ಕದಲಿಲ್ಲ. ನೆಗೆಟಿವ್ ಬಂದವರು ಒಂದರಿಂದ ಮೂರು ವರ್ಷದ ಬಳಿಕ ಮತ್ತೆ ಮಾಡಿಸಬೇಕು ಎನ್ನುವುದರ ಹಿಂದೆ ಈ ಅಂಕಿಯೇ ಇದೆ. ಒಂದು ಸಲ ತಪ್ಪಿಸಿಕೊಂಡದ್ದು ಇನ್ನೊಂದು ಸಲ ಸಿಗಬಹುದು.

ಸ್ವಚ್ಛವಾದ ಕರುಳಿನಲ್ಲಿ ಎರಡನೆಯ ಬಾರಿಯೂ ಏನೂ ಸಿಗದೆ ಹೋಗಿದ್ದರೆ? ಹಾಗೆ ಆಗುವುದು ಅಪರೂಪವಲ್ಲ. ಒಳ್ಳೆಯ ಕೊಲೊನೋಸ್ಕೋಪಿಯಲ್ಲಿ ಏನೂ ಕಾಣದಿದ್ದಾಗ ಡಿಎನ್‌ಎ ವರದಿಯನ್ನು ಸುಳ್ಳು ಎಚ್ಚರಿಕೆಯೆಂದು ಬದಿಗಿಟ್ಟು, ಸಾಮಾನ್ಯರಂತೆಯೇ ಮುಂದಿನ ತಪಾಸಣೆಯ ದಿನ ಗೊತ್ತುಮಾಡುವುದು ರೂಢಿ; ಕ್ಯಾನ್ಸರ್ ಎಲ್ಲೋ ಅಡಗಿದೆಯೆಂದು ದೇಹವನ್ನೆಲ್ಲ ಸ್ಕ್ಯಾನ್ ಮಾಡಿಸುತ್ತ ಹೋಗಬೇಕಿಲ್ಲ.

ತುಂಡುತುಂಡಾಗಿ ತೆಗೆದ ದೊಡ್ಡ ಗಡ್ಡೆಯ ಜಾಗದಲ್ಲಿ ಅದು ಮತ್ತೆ ಚಿಗುರುವ ಸಾಧ್ಯತೆ ಇರುವುದರಿಂದ ಆರು ತಿಂಗಳಿಗೆ ಪುನಃ ಕೊಲೊನೋಸ್ಕೋಪಿ ಆಯಿತು. ಬಿಳಿಯ ಕಲೆಯೊಂದು ಉಳಿದಿತ್ತು. ಅದರಿಂದ ತೆಗೆದ ಬಯಾಪ್ಸಿಯಲ್ಲಿ ಏನೂ ಇರಲಿಲ್ಲ. ಮುಂದಿನದು ಒಂದು ವರ್ಷಕ್ಕೆ, ಆ ಮೇಲಿನದು ಮೂರು ವರ್ಷಕ್ಕೆ ಎಂದು ಬರೆದುಕೊಟ್ಟಾಗ ರೋಗಿ, ಅಷ್ಟು ಸಲ ಭೇದಿ ಔಷಧ ಕುಡಿಯುವ ಬದಲು ಅದೇ ಮಲದ ಪರೀಕ್ಷೆ ಮಾಡಿಸಿದರೆ ಸಾಲದೇ, ಒಮ್ಮೆ ಹಿಡಿದದ್ದು ಮತ್ತೊಮ್ಮೆ ಹಿಡಿಯದೇ ಎಂದು ಕೇಳಿದರು. ತಜ್ಞರು ಒಪ್ಪಲಿಲ್ಲ. ಆ ಪರೀಕ್ಷೆ ಸಾಮಾನ್ಯ ಅಪಾಯದವರಿಗಾಗಿ ಇರುವಂಥದ್ದು. ಈ ಗಡ್ಡೆ ಸಿಕ್ಕ ದಿನದಿಂದ ಅವರು ಆ ಗುಂಪಿನಲ್ಲಿಲ್ಲ. ಔಷಧವನ್ನು ಎರಡು ಪಾಲು ಮಾಡಿ ಕುಡಿಯುವ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಅವರು ಹೊರಟರು.